ಕರಗಿಸದೆ ಕಬ್ಬಿಣ ತೆಗೆಯುವ ಕುಲುಮೆ

ವಿಜಯಪುರದ ಉಪ್ಲಿ ಬುರುಜನ್ನು ಹತ್ತಿದವರು ಅದರ ನೆತ್ತಿಯ ಮೇಲೆ ಮಲಗಿರುವ ಉದ್ದನೆಯ ತೋಪನ್ನು ನೋಡಿಯೇ ಇರುತ್ತೀರಿ. ಅದರ ಉದ್ದ 9 ಮೀಟರಿಗೂ ಹೆಚ್ಚು. ಹತ್ತಿರ ಹೋಗಿ ಕೈಯಾಡಿಸಿದರೆ ಅದು ಒಂದೇ ತುಂಡಿನಿಂದ ಆದದ್ದಲ್ಲ ಎಂಬುದು ತಿಳಿಯುತ್ತದೆ. ಕಬ್ಬಿಣದ ಉದ್ದ ಪಟ್ಟಿಗಳನ್ನು ಪೀಪಾಯಿಯ ಹಲಗೆಗಳಂತೆ ಜೋಡಿಸಿ, ಮೇಲೆ ಕಬ್ಬಿಣದ ಬಳೆಗಳನ್ನು ಒತ್ತೊತ್ತಾಗಿ ಏರಿಸಿ, ಕಾಯಿಸಿ ಬಡಿದು ಬೆಸೆದ ತೋಪು ಅದು. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಮಲಿಕ್-ಎ-ಮೈದಾನ್ ಇದೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಅದು ಕಂಚಿನದು. ಅದರ ಮೈಮೇಲೆ ಬೆಸುಗೆಯ ಗೆರೆ ಕಾಣುವುದಿಲ್ಲ.

ಕಂಚಿನಲ್ಲಿ ಇಷ್ಟು ದೊಡ್ಡ ಎರಕ ಹೊಯ್ಯಬಲ್ಲವರು ಇದ್ದ ಕಾಲದಲ್ಲಿ ಕಬ್ಬಿಣದ ತೋಪನ್ನೇಕೆ ಹಾಗೆಯೇ ಹೊಯ್ಯಲಿಲ್ಲ? ಶೈಕ್ಷಣಿಕ ಪ್ರವಾಸದಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ ಇದು. ನಾನು ಪಠ್ಯಪುಸ್ತಕದ ಉತ್ತರ ಕೊಟ್ಟೆ. ಕಂಚು 1000° ಸೆ. ಆಸುಪಾಸಿನಲ್ಲಿ ಕರಗುತ್ತದೆ, ಶುದ್ಧ ಕಬ್ಬಿಣ ಕರಗಲು 1538° ಸೆ. ಬೇಕು, ಹಳೆಯ ಕಾಲದ ಇದ್ದಿಲ ಕುಲುಮೆ ಸಾಮಾನ್ಯವಾಗಿ 1200-1300° ದಾಟುತ್ತಿರಲಿಲ್ಲ ಎಂದೆ. ಅವಳು ಬಿಡಲಿಲ್ಲ. "ಕರಗಲೇ ಇಲ್ಲ ಅಂದ್ರ ಅದು ಕಲ್ಲಿನಿಂದ ಹೊರಗ ಹೆಂಗ ಬಂತ್ರಿ ಸರ?"

ಮೂವತ್ತು ವರ್ಷದಿಂದ ಪಾಠ ಹೇಳುತ್ತಿದ್ದರೂ ಈ ಪ್ರಶ್ನೆಗೆ ನಾನು ಕಣ್ಣಾರೆ ಕಂಡ ಉತ್ತರ ಇರಲಿಲ್ಲ. ಮಾಡಿ ನೋಡುವುದೆಂದು ತೀರ್ಮಾನಿಸಿದೆವು. ಎರಡು ಬೇಸಿಗೆ, ಮೂರು ಪ್ರಯತ್ನಗಳು. ಮೊದಲ ಎರಡರಲ್ಲಿ ಸೋತೆವು. ಆ ಸೋಲುಗಳೇ ಹೆಚ್ಚು ಕಲಿಸಿದ್ದರಿಂದ ಅವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಹೊಲದ ಕಲ್ಲು

ನಮ್ಮ ತರಗತಿಯ ವಿದ್ಯಾರ್ಥಿಗಳು ಹೆಚ್ಚಾಗಿ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ರೈತರ ಮಕ್ಕಳು. ಪ್ರತಿಯೊಬ್ಬರೂ ತಮ್ಮ ಹೊಲದ ಒಂದು ಕಲ್ಲು ತರಬೇಕೆಂದು ಹೇಳಿದೆ. ಮರುವಾರ ಪ್ರಯೋಗಶಾಲೆಯ ಮೇಜಿನ ಮೇಲೆ ಜಿಲ್ಲೆಯ ಭೂವಿಜ್ಞಾನದ ನಕ್ಷೆಯೇ ಹರಡಿತು. ಇಂಡಿ, ಸಿಂದಗಿ, ಬಾಗೇವಾಡಿಗಳಿಂದ ಬಂದವು ಬಹುತೇಕ ಒಂದೇ ಬಗೆಯ ಕಪ್ಪು ಕಲ್ಲುಗಳು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ಬಸಾಲ್ಟ್ ಅದು. ಮುದ್ದೇಬಿಹಾಳದ ದಕ್ಷಿಣ ಭಾಗದವರು ತಂದದ್ದು ತಿಳಿಗೆಂಪಿನ ಗ್ರಾನೈಟ್. ತಾಳಿಕೋಟೆಯ ಕಡೆಯ ಹುಡುಗ ಸುಣ್ಣಕಲ್ಲಿನ ಚಪ್ಪಡಿಯ ಚೂರು ತಂದಿದ್ದ. ಬಾಗೇವಾಡಿಯ ಇಬ್ಬರು ಮಾತ್ರ ಕಲ್ಲಿನ ಬದಲು ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಹಳ್ಳದ ಮರಳಿನಲ್ಲಿ ಎಳೆದಾಡಿ, ಅದಕ್ಕೆ ಅಂಟಿದ ಕಪ್ಪು ಪುಡಿಯನ್ನು ಪೊಟ್ಟಣ ಕಟ್ಟಿ ತಂದಿದ್ದರು.

ಬಸಾಲ್ಟಿನ ತೂಕದಲ್ಲಿ ಸುಮಾರು ಹತ್ತನೆಯ ಒಂದು ಪಾಲು ಕಬ್ಬಿಣವಿರುತ್ತದೆ. ಇದನ್ನು ಹೇಳಿದ್ದೇ ತಡ, ನೂರು ಕಿ.ಗ್ರಾಂ ಕಲ್ಲಿಗೆ ಹತ್ತು ಕಿ.ಗ್ರಾಂ ಕಬ್ಬಿಣ ಎಂದು ಮಕ್ಕಳು ಲೆಕ್ಕ ಹಾಕಿಬಿಟ್ಟರು. ಅವರನ್ನು ತಡೆಯಬೇಕೆಂದು ನನಗೂ ಅನ್ನಿಸಲಿಲ್ಲ. ಬಾಗೇವಾಡಿಯ ಕೆಂಪು ಗರಸು ಮತ್ತು ಕುಟ್ಟಿದ ಕಪ್ಪು ಕಲ್ಲನ್ನು ಬೆರೆಸಿ ಕುಲುಮೆಗೆ ಹಾಕಿ ಅರ್ಧ ದಿನ ಗಾಳಿ ಊದಿದೆವು. ಕೊನೆಗೆ ಸಿಕ್ಕಿದ್ದು ಬಾಟಲಿಯಂತೆ ಹೊಳೆಯುವ ಕಪ್ಪು ಗಾಜು. ಅಯಸ್ಕಾಂತ ಅದಕ್ಕೆ ಅಂಟಲಿಲ್ಲ.

ಏಕೆ ಹೀಗಾಯಿತು? ಅಂದು ಸಂಜೆ ಕಪ್ಪುಹಲಗೆಯ ಮೇಲೆ ಮಾಡಿದ ಲೆಕ್ಕ ಸರಳವಾದದ್ದು. ಪ್ರೌಢಶಾಲೆಯ ಮಕ್ಕಳೂ ಮಾಡಬಹುದು. ಕುಲುಮೆಯಲ್ಲಿ ಕಬ್ಬಿಣದ ಆಕ್ಸೈಡಿಗೆ ಎರಡು ದಾರಿಗಳಿವೆ. ಒಂದು, ಕಾರ್ಬನ್ ಮಾನಾಕ್ಸೈಡಿಗೆ ತನ್ನ ಆಕ್ಸಿಜನ್ನನ್ನು ಒಪ್ಪಿಸಿ ಲೋಹವಾಗುವುದು. ಇನ್ನೊಂದು, ಕಲ್ಲಿನಲ್ಲಿರುವ ಸಿಲಿಕದೊಂದಿಗೆ ಸೇರಿ ಫಯಲೈಟ್ ಎಂಬ ಸಿಲಿಕೇಟ್ ಆಗಿ ಕರಗಿ ಹರಿದುಹೋಗುವುದು. ಕಂಬಾರರು ಕಿಟ್ಟ ಎನ್ನುವುದರ ಮುಖ್ಯ ಅಂಶ ಈ ಫಯಲೈಟ್. ಅದರ ಒಂದು ಅಣುಸೂತ್ರದಲ್ಲಿ ಎರಡು ಕಬ್ಬಿಣದ ಪರಮಾಣುಗಳಿಗೆ ಒಂದು ಸಿಲಿಕ ಘಟಕ. ತೂಕದಲ್ಲಿ ಹೇಳುವುದಾದರೆ 60 ಗ್ರಾಂ ಸಿಲಿಕ 112 ಗ್ರಾಂ ಕಬ್ಬಿಣವನ್ನು ಹಿಡಿದಿಡಬಲ್ಲದು. ಒಂದು ಗ್ರಾಂ ಸಿಲಿಕ ನುಂಗುವುದು ಸುಮಾರು 1.9 ಗ್ರಾಂ ಕಬ್ಬಿಣ!

ಈಗ ಬಸಾಲ್ಟನ್ನು ನೋಡಿ. ನೂರು ಗ್ರಾಂನಲ್ಲಿ ಸಿಲಿಕ ಸುಮಾರು 50 ಗ್ರಾಂ, ಕಬ್ಬಿಣ 10 ಗ್ರಾಂ. ತೊಂಬತ್ತು ಗ್ರಾಂ ಕಬ್ಬಿಣವನ್ನು ನುಂಗುವ ಹಸಿವಿರುವಲ್ಲಿ ಹತ್ತು ಗ್ರಾಂ ಯಾವ ಲೆಕ್ಕ? ವಾಸ್ತವದಲ್ಲಿ ಅಲ್ಲಿ ಸುಣ್ಣ, ಮೆಗ್ನೀಸಿಯ, ಅಲ್ಯೂಮಿನಗಳೂ ಸಿಲಿಕದೊಡನೆ ಸೇರುವುದರಿಂದ ಲೆಕ್ಕ ಇಷ್ಟು ನೇರವಲ್ಲ, ಆದರೆ ಫಲ ಬದಲಾಗದು. ಶುದ್ಧ ಫಯಲೈಟಿನಲ್ಲಿ ಕಬ್ಬಿಣ ಶೇಕಡ 55ರಷ್ಟು. ಹಳೆಯ ಕುಲುಮೆಗಳು ಬೇಡವೆಂದು ಎಸೆದ ಕಿಟ್ಟದಲ್ಲಿರುವ ಕಬ್ಬಿಣದ ಮುಂದೆ ನಮ್ಮ ಎರೆಹೊಲದ ಕಲ್ಲು ಕಡುಬಡವ.

ತಾಳಿಕೋಟೆಯ ಹುಡುಗ ಒಳ್ಳೆಯ ಪ್ರಶ್ನೆ ಕೇಳಿದ. ಸುಣ್ಣಕಲ್ಲು ಹಾಕಿದರೆ ಸಿಲಿಕ ಅದರೊಂದಿಗೆ ಸೇರಿ ಕಬ್ಬಿಣವನ್ನು ಬಿಟ್ಟುಕೊಡುವುದಿಲ್ಲವೇ? ಬಿಟ್ಟುಕೊಡುತ್ತದೆ, ದೊಡ್ಡ ಊದುಕುಲುಮೆಗಳಲ್ಲಿ ಮಾಡುವುದು ಅದನ್ನೇ. ಆದರೆ ಸುಣ್ಣದ ಕಿಟ್ಟ ಸರಾಗವಾಗಿ ಹರಿಯಲು ಇನ್ನೂ ಹೆಚ್ಚಿನ ಉಷ್ಣತೆ ಬೇಕು. ಫಯಲೈಟ್ 1205° ಸೆ.ನಲ್ಲೇ ಕರಗುತ್ತದೆ. ಸಣ್ಣ ಕುಲುಮೆಯವರು ಅರ್ಧದಷ್ಟು ಕಬ್ಬಿಣವನ್ನು ಕಿಟ್ಟಕ್ಕೆ ತೆರಿಗೆಯಂತೆ ಕೊಟ್ಟು, ಅದರ ಬದಲಿಗೆ ಕಡಿಮೆ ಉಷ್ಣತೆಯಲ್ಲಿ ಕೆಲಸ ಮುಗಿಸಿಕೊಳ್ಳುತ್ತಿದ್ದರು.

ಕೃಷ್ಣೆಯ ಆಚೆಯ ಅದಿರು

ಮುದ್ದೇಬಿಹಾಳದಿಂದ ಕೃಷ್ಣೆ ದಾಟಿದರೆ ಹುನಗುಂದ, ಅಮೀನಗಡಗಳ ಕಡೆ ಕಬ್ಬಿಣದ ಅದಿರಿನ ಪಟ್ಟೆಗಳುಳ್ಳ ಹಳೆಯ ಶಿಲೆಗಳಿವೆ. ಅಲ್ಲಿನ ರೈತರೊಬ್ಬರು ತಮ್ಮ ಬದುವಿಗೆ ಆರಿಸಿ ಹಾಕಿದ್ದ ಕಲ್ಲುಗಳನ್ನು ಎರಡು ಚೀಲ ಕೊಟ್ಟರು. ಕಂದುಗಪ್ಪು ಪಟ್ಟೆ ಹೆಮಟೈಟ್, ಬಿಳಿ ಪಟ್ಟೆ ಬೆಣಚು, ಅಂದರೆ ಅದೇ ಸಿಲಿಕ. ಇದನ್ನು ನೇರವಾಗಿ ಕುಲುಮೆಗೆ ಹಾಕಬಹುದೇ? ಇಲ್ಲಿ ಭೌತವಿಜ್ಞಾನ ನೆರವಿಗೆ ಬಂತು. ಸ್ಪ್ರಿಂಗ್ ತಕ್ಕಡಿ, ದಾರ, ಒಂದು ಬಕೆಟ್ ನೀರು ಇದ್ದರೆ ಆರ್ಕಿಮಿಡೀಸ್ ತತ್ತ್ವದಿಂದ ಕಲ್ಲಿನ ಸಾಂದ್ರತೆ ಸಿಗುತ್ತದೆ. ಬೆಣಚಿನ ಸಾಪೇಕ್ಷ ಸಾಂದ್ರತೆ 2.65, ಹೆಮಟೈಟಿನದು 5.2. ನಮ್ಮ ಕಲ್ಲುಗಳ ಸರಾಸರಿ 3.5 ಬಂತು. ಎಂದರೆ ತೂಕದಲ್ಲಿ ಸರಿಸುಮಾರು ಅರ್ಧ ಹೆಮಟೈಟ್, ಅರ್ಧ ಬೆಣಚು. ನೂರು ಗ್ರಾಂನಲ್ಲಿ ಕಬ್ಬಿಣ 35 ಗ್ರಾಂ. 50 ಗ್ರಾಂ ಸಿಲಿಕದ ಹಸಿವು 93 ಗ್ರಾಂ. ಕೈಗೆ ತೂಕವಾಗಿದ್ದರೂ ಈ ಕಲ್ಲು ಹಾಗೆಯೇ ಹಾಕಿದರೆ ಲೋಹ ಕೊಡುವುದಿಲ್ಲ.

ಆದ್ದರಿಂದ ಕಲ್ಲನ್ನು ಹದಮಾಡಬೇಕು. ಕಟ್ಟಿಗೆ, ಇದ್ದಿಲಿನ ಬೆಂಕಿಯಲ್ಲಿ ಒಂದು ರಾತ್ರಿ ಸುಟ್ಟೆವು. ಸುಟ್ಟ ಕಲ್ಲು ಬಿರುಕು ಬಿಟ್ಟು ಸುತ್ತಿಗೆಯ ಸಣ್ಣ ಏಟಿಗೆ ಕಡಲೆಕಾಳಿನ ಗಾತ್ರಕ್ಕೆ ಒಡೆಯಿತು. ಇನ್ನೊಂದು ಲಾಭವೂ ಆಯಿತು. ಇದ್ದಿಲಿನ ಹೊಗೆಯಲ್ಲಿ ಹೆಮಟೈಟಿನ ಒಂದಷ್ಟು ಭಾಗ ಮ್ಯಾಗ್ನಟೈಟ್ ಆಗಿ ಮಾರ್ಪಡುತ್ತದೆ. ಹೆಮಟೈಟಿಗೆ ಅಷ್ಟಾಗಿ ಅಂಟದ ಅಯಸ್ಕಾಂತ ಮ್ಯಾಗ್ನಟೈಟನ್ನು ಚೆನ್ನಾಗಿ ಸೆಳೆಯುತ್ತದೆ. ಬಾಗೇವಾಡಿಯ ಹುಡುಗರ ಸ್ಪೀಕರ್ ಅಯಸ್ಕಾಂತಕ್ಕೆ ಕೊನೆಗೂ ಕೆಲಸ ಸಿಕ್ಕಿತು. ಅದು ಆರಿಸಿಕೊಟ್ಟ ಚೂರುಗಳನ್ನು ನೀರಲ್ಲಿ ನೆನೆಸಿ ಮತ್ತೆ ತೂಗಿದಾಗ ಸಾಂದ್ರತೆ 4.5. ಅಂದರೆ ಶೇಕಡ 85ರಷ್ಟು ಕಬ್ಬಿಣದ ಆಕ್ಸೈಡ್. ಇದರಲ್ಲಿ ಕಬ್ಬಿಣ ಸುಮಾರು 60 ಗ್ರಾಂ, 15 ಗ್ರಾಂ ಸಿಲಿಕಕ್ಕೆ ಹೋಗುವುದು 28 ಗ್ರಾಂ, ಉಳಿಯುವುದು 30 ಗ್ರಾಂಗಿಂತ ಸ್ವಲ್ಪ ಹೆಚ್ಚು. ಇದು ಅದಿರು.

ಹಳ್ಳದ ಕಪ್ಪು ಮರಳಿನ ವಿಷಯವನ್ನೂ ಹೇಳಿಬಿಡುತ್ತೇನೆ. ಅದು ಬಸಾಲ್ಟಿನಿಂದ ಕಳಚಿ ಬಂದ, ಟೈಟೇನಿಯಂ ಬೆರೆತ ಮ್ಯಾಗ್ನಟೈಟ್. ಎರಡು ಭಾನುವಾರ ಎಳೆದಾಡಿದರೂ ಒಂದೂವರೆ ಕಿ.ಗ್ರಾಂ ದಾಟಲಿಲ್ಲ. ಆದರೆ ಮಕ್ಕಳ ಯೋಚನೆ ತಪ್ಪಾಗಿರಲಿಲ್ಲ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮಾಗಡಿಯ ಕಡೆ ಮಳೆಗಾಲದ ತೊರೆಗಳು ಹೊತ್ತು ತರುವ ಕಪ್ಪು ಮರಳಿನಿಂದಲೇ ಕಬ್ಬಿಣ ತೆಗೆಯುವುದನ್ನು ಕಂಡು ಬರೆದಿದ್ದಾನೆ.

ಗೋಡೆಯ ಮಣ್ಣು, ಒಳಗಿನ ಗಾಳಿ

ಕುಲುಮೆಯನ್ನು ಮೊದಲು ಎರೆಮಣ್ಣಿನಲ್ಲಿ ಕಟ್ಟಿದ್ದೆವು. ಎರೆಹೊಲದಲ್ಲಿ ಬೇಸಿಗೆಗೆ ಎಂಥ ಬಿರುಕು ಬಿಡುತ್ತದೆಂದು ತಿಳಿದಿದ್ದೂ ಹೀಗೆ ಮಾಡಿದ್ದು ನಮ್ಮ ದಡ್ಡತನ. ಒಣಗುವಾಗಲೇ ಅದು ಮೂರು ಕಡೆ ಸೀಳಿತು. ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹೆಚ್ಚು ಕಾಯಿಸಿದರೆ ಬೇಗ ಕರಗಲೂ ತೊಡಗುತ್ತದೆ. ಎರಡನೆಯ ಸಲ ಮುದ್ದೇಬಿಹಾಳದ ಮಸಾರಿ ಮಣ್ಣು ತರಿಸಿ, ಮರಳು, ಜೋಳದ ಹೊಟ್ಟು ಮತ್ತು ಸಗಣಿ ಸೇರಿಸಿ ತುಳಿದು ಕಟ್ಟಿದೆವು. ಗ್ರಾನೈಟ್ ಸವೆದು ಆದ ಈ ಮಣ್ಣು ಬೆಂಕಿಗೆ ಚೆನ್ನಾಗಿ ತಡೆಯಿತು. ಹೊಟ್ಟು ಸುಟ್ಟುಹೋದ ಜಾಗದಲ್ಲಿ ಉಳಿಯುವ ಸಣ್ಣ ರಂಧ್ರಗಳು ಬಿರುಕನ್ನೂ, ಶಾಖದ ಸೋರಿಕೆಯನ್ನೂ ತಡೆಯುತ್ತವೆ. ಒಳವ್ಯಾಸ 25 ಸೆಂ.ಮೀ., ಎತ್ತರ 80 ಸೆಂ.ಮೀ. ತಳದಿಂದ ಒಂದು ಗೇಣು ಮೇಲೆ ಮಣ್ಣಿನ ಊದುಗೊಳವೆ, ತಳದಲ್ಲಿ ಕಿಟ್ಟ ಹರಿಯಲು ಒಂದು ಬಾಯಿ. ಹಿಂದಿನವರು ಆಡಿನ ಚರ್ಮದ ಜೋಡಿ ತಿದಿಗಳನ್ನು ಸರದಿಯಂತೆ ಒತ್ತುತ್ತಿದ್ದರು. ನಾವು ಕಂಬಾರರ ಕೈಪಂಖ ಬಳಸಿದೆವು.

ಈ ಕುಲುಮೆಯ ಗುಟ್ಟು ಇರುವುದು ಇಂಧನವನ್ನು ಅರೆಬರೆ ಸುಡುವುದರಲ್ಲಿ. ಒಂದು ಗ್ರಾಂ ಕಾರ್ಬನ್ ಪೂರ್ತಿ ಉರಿದು ಕಾರ್ಬನ್ ಡೈಆಕ್ಸೈಡ್ ಆದರೆ ಸುಮಾರು 33 ಕಿಲೋಜೂಲ್ ಶಾಖ ಬರುತ್ತದೆ. ಮಾನಾಕ್ಸೈಡಿನಲ್ಲೇ ನಿಂತರೆ 9 ಕಿಲೋಜೂಲ್ ಮಾತ್ರ. ಗೊಳವೆಯ ಬಾಯಲ್ಲಿ ಹುಟ್ಟಿದ ಡೈಆಕ್ಸೈಡ್, ಸುತ್ತಲಿನ ಕೆಂಡದೊಂದಿಗೆ ವರ್ತಿಸಿ ಮಾನಾಕ್ಸೈಡ್ ಆಗಿ ಮೇಲೇರುತ್ತದೆ. ಕೆಳಗಿಳಿಯುತ್ತಿರುವ ಅದಿರಿನಿಂದ ಆಕ್ಸಿಜನ್ನನ್ನು ಕಸಿಯುವುದು ಇದೇ ಅನಿಲ. ಈ ಅಪಕರ್ಷಣೆ 800° ಸೆ. ಸುಮಾರಿಗೆ ಚೆನ್ನಾಗಿಯೇ ನಡೆಯುತ್ತದೆ. ಕಬ್ಬಿಣವನ್ನು ಕರಗಿಸುವ ಅಗತ್ಯವೇ ಇಲ್ಲ, ಘನರೂಪದಲ್ಲೇ ಅದು ಕಲ್ಲಿನೊಳಗೆ ಬಿಡುಗಡೆಯಾಗುತ್ತದೆ. ಕರಗಬೇಕಾದದ್ದು ಕಿಟ್ಟ. ಅದು ಬಸಿದುಹೋದಂತೆ ಲೋಹದ ಕಣಗಳು ಒಂದಕ್ಕೊಂದು ಅಂಟಿ ಸ್ಪಂಜಿನಂಥ ಮುದ್ದೆಯಾಗುತ್ತವೆ. ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಇಷ್ಟೇ. ಇದನ್ನು ಹೇಳುವುದು ಸುಲಭ, ಮಾಡಿಸಿಕೊಳ್ಳುವುದು ಕಷ್ಟ.

ಗಾಳಿಯನ್ನು ಅಳೆಯಲು ನಮ್ಮಲ್ಲಿ ಉಪಕರಣವಿರಲಿಲ್ಲ. ಅದರ ಅಗತ್ಯವೂ ಬೀಳಲಿಲ್ಲ. ಎಂಟು ನಿಮಿಷಕ್ಕೆ ಒಂದು ಕಿ.ಗ್ರಾಂ ಜಾಲಿ ಇದ್ದಿಲು ಇಳಿಯುತ್ತಿದ್ದರೆ, ತೇವ ಮತ್ತು ಬೂದಿ ಕಳೆದು ನಿಮಿಷಕ್ಕೆ ಸುಮಾರು 100 ಗ್ರಾಂ ಕಾರ್ಬನ್ ಉರಿಯುತ್ತಿದೆ ಎಂದಾಯಿತು. ಅದು ಮಾನಾಕ್ಸೈಡ್ ಆಗಲು 133 ಗ್ರಾಂ, ಅಂದರೆ ಸುಮಾರು 100 ಲೀಟರ್ ಆಕ್ಸಿಜನ್ ಬೇಕು. ಗಾಳಿಯಲ್ಲಿ ಅದರ ಪಾಲು ಐದರಲ್ಲೊಂದು. ಹಾಗಾಗಿ ಪಂಖದಿಂದ ನಿಮಿಷಕ್ಕೆ ಸುಮಾರು 500 ಲೀಟರ್ ಗಾಳಿ ಒಳಹೋಗುತ್ತಿದೆ. ಶಾಖದ ಲೆಕ್ಕ ಹಾಕಿದರೆ ನಿಮಿಷಕ್ಕೆ 900 ಕಿಲೋಜೂಲ್, ಅಂದರೆ 15 ಕಿಲೋವಾಟ್. ನೀರು ಕಾಯಿಸುವ ಹತ್ತು ಕಾಯಿಲ್‌ಗಳನ್ನು ಒಂದು ಬಿಂದಿಗೆಯಷ್ಟು ಜಾಗದಲ್ಲಿ ತುರುಕಿದಂತೆ.

ಅಂಬಲಿ ಕಾಸಿದ ಕಥೆ

ಎರಡನೆಯ ಪ್ರಯತ್ನದ ತಪ್ಪು ಪೂರ್ತಿಯಾಗಿ ನನ್ನದೇ. ಉಷ್ಣತೆ ಹೆಚ್ಚಿದಷ್ಟೂ ಒಳ್ಳೆಯದೆಂಬುದು ಪ್ರಯೋಗಶಾಲೆಯಲ್ಲಿ ಬೆಳೆದವನ ನಂಬಿಕೆ. ಒಂದು ಕಿ.ಗ್ರಾಂ ಅದಿರಿಗೆ ಎರಡು ಕಿ.ಗ್ರಾಂ ಇದ್ದಿಲು ಹಾಕಿಸಿದೆ, ಐದು ನಿಮಿಷಕ್ಕೆ ಒಂದು ಕಿ.ಗ್ರಾಂ ಇಳಿಯುವಂತೆ ಗಾಳಿ ಊದಿಸಿದೆ. ಗೊಳವೆಯ ಕಣ್ಣಲ್ಲಿ ಕಣ್ಣು ಕುಕ್ಕುವ ಬಿಳಿ ಬೆಳಕು ಕಂಡಾಗ ಗೆದ್ದೆನೆಂದೇ ತಿಳಿದೆ. ತಳದಲ್ಲಿ ದೋಸೆಯಂತೆ ಹರಡಿದ, ಭಾರವಾದ ಲೋಹದ ಬಿಲ್ಲೆ ಸಿಕ್ಕಿತು. ಮಕ್ಕಳು ಕುಣಿದಾಡಿದರು. ನೆರವಿಗೆ ಬಂದಿದ್ದ ಎಪ್ಪತ್ತು ದಾಟಿದ ಕಂಬಾರಜ್ಜ ಅದನ್ನು ಕಾಯಿಸಿ ಅಡಿಗಲ್ಲಿನ ಮೇಲಿಟ್ಟು ಒಂದೇ ಏಟು ಹಾಕಿದರು. ಬಿಲ್ಲೆ ನಾಲ್ಕು ಚೂರಾಯಿತು.

"ಇದು ಬೀಡ ಐತ್ರಿ ಸರ, ಬಡದ್ರ ಒಡಿತೈತಿ," ಎಂದರು.

"ಎಲ್ಲಿ ತಪ್ಪಿದ್ವಿ ಅಜ್ಜಾರ?"

"ರೊಟ್ಟಿ ಮಾಡ್ಬೇಕಂದ್ರ ಹಿಟ್ಟ ನಾದಬೇಕ್ರಿ. ನೀವು ಅಂಬಲಿ ಕಾಸೀರಿ."

ಲೋಹವಿಜ್ಞಾನದ ಭಾಷೆಯಲ್ಲಿ ಇದನ್ನೇ ಹೀಗೆ ಹೇಳಬಹುದು. ಬಿಸಿ ಕಬ್ಬಿಣ ಇದ್ದಿಲಿನಿಂದ ಕಾರ್ಬನ್ ಹೀರಿಕೊಳ್ಳುತ್ತದೆ. ಕಾರ್ಬನ್ ಹೆಚ್ಚಿದಂತೆ ಅದರ ದ್ರವನ ಬಿಂದು ಇಳಿಯುತ್ತ ಹೋಗಿ, ಶೇಕಡ 4.3ರ ಹೊತ್ತಿಗೆ ಸುಮಾರು 1150° ಸೆ.ಗೆ ಬಂದು ನಿಲ್ಲುತ್ತದೆ. ಇದೇ ಬೀಡು ಕಬ್ಬಿಣ. ಕರಗುತ್ತದೆ, ಎರಕಕ್ಕೆ ಬರುತ್ತದೆ, ಆದರೆ ಸುತ್ತಿಗೆಗೆ ಬಗ್ಗುವುದಿಲ್ಲ. ಊದುಕುಲುಮೆಯವರಿಗೆ ಬೇಕಾದದ್ದು ಇದೇ. 1923ರಲ್ಲಿ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಆರಂಭವಾದಾಗ ಅಲ್ಲಿಯೂ ಇದ್ದಿಲನ್ನೇ ಉರಿಸುತ್ತಿದ್ದರು. ಅದಿರು ಅದೇ, ಇದ್ದಿಲು ಅದೇ. ಎತ್ತರ ಮತ್ತು ಗಾಳಿ ಬದಲಾದರೆ ಬೇರೆಯದೇ ಲೋಹ ಹುಟ್ಟುತ್ತದೆ. ಕುಂಟೆಯ ಕುಡಕ್ಕೂ ಬಂಡಿಯ ಹಳಿಗೂ ಬೇಕಾದದ್ದು ಬಡಿಯಲು ಬರುವ ಕಬ್ಬಿಣ. ಉಪ್ಲಿ ಬುರುಜಿನ ತೋಪಿಗೂ ಅಷ್ಟೆ.

ಮೂರನೆಯ ಬಾರಿ ಅದಿರು, ಇದ್ದಿಲು ಸಮತೂಕ. ಮೊದಲು ಇದ್ದಿಲಿನಿಂದ ಕುಲುಮೆಯನ್ನು ಕಾಯಿಸಿ, ಆಮೇಲೆ ಎಂಟೆಂಟು ನಿಮಿಷಕ್ಕೆ ಒಂದೊಂದು ಕಿ.ಗ್ರಾಂ ಅದಿರಿನಂತೆ ಹದಿನಾರು ಸಲ ಹಾಕಿದೆವು. ಹಾಕಿದ ಅದಿರು ಗೊಳವೆಯ ಮಟ್ಟಕ್ಕೆ ಇಳಿಯಲು ಮುಕ್ಕಾಲು ಗಂಟೆಗೂ ಹೆಚ್ಚು ಬೇಕಾಗುತ್ತಿತ್ತು. ಆ ಅವಧಿಯೇ ಅಪಕರ್ಷಣೆಯ ಅವಧಿ. ಗೊಳವೆಯ ಕಣ್ಣು ಬೆಳ್ಳಗಾದರೆ ಪಂಖ ನಿಧಾನ, ಕೆಂಪಿಗೆ ತಿರುಗಿದರೆ ಜೋರು. ಅಜ್ಜ ನಡುನಡುವೆ ಕಬ್ಬಿಣದ ಸಲಾಕೆ ತೂರಿಸಿ ತಳವನ್ನು ಮುಟ್ಟಿ ನೋಡುತ್ತಿದ್ದರು. ಎರಡನೆಯ ಗಂಟೆಯಲ್ಲಿ ಕೆಳಗಿನ ಬಾಯನ್ನು ಒಡೆದಾಗ ಕಿಟ್ಟ ಬೆಲ್ಲದ ಪಾಕದಂತೆ ನಿಧಾನವಾಗಿ ಹರಿದುಬಂತು. ಕೊನೆಯಲ್ಲಿ ಇಕ್ಕಳದಿಂದ ಹೊರಗೆಳೆದ ಮುದ್ದೆಯನ್ನು ಮೊದಲು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ, ಆಮೇಲೆ ಘನದಿಂದ ಬಡಿದರು. ಪ್ರತಿ ಏಟಿಗೂ ಒಳಗಿನ ಕಿಟ್ಟ ಕಿಡಿಯಾಗಿ ಚಿಮ್ಮುತ್ತಿತ್ತು. ಈ ಸಲ ಅದು ಒಡೆಯಲಿಲ್ಲ.

ಹದಿನಾರು ಕಿ.ಗ್ರಾಂ ಅದಿರು, ಒಟ್ಟು ಇಪ್ಪತ್ತಾರು ಕಿ.ಗ್ರಾಂ ಇದ್ದಿಲು. ಮುದ್ದೆಯ ತೂಕ 3.1 ಕಿ.ಗ್ರಾಂ, ಕಿಟ್ಟ ಹಿಂಡಿ ಪಟ್ಟಿ ಮಾಡಿದ ಮೇಲೆ 1.9. ಲೆಕ್ಕದ ಪ್ರಕಾರ 5 ಕಿ.ಗ್ರಾಂ ಸಿಗಬೇಕಿತ್ತು. ಉಳಿದದ್ದು ಪೂರ್ತಿ ಅಪಕರ್ಷಣೆಗೊಳ್ಳದೆ ಕಿಟ್ಟದಲ್ಲಿ ಸೇರಿಹೋಯಿತು. ಒಂದು ಕಿ.ಗ್ರಾಂ ಕಬ್ಬಿಣಕ್ಕೆ ಹದಿಮೂರು ಹದಿನಾಲ್ಕು ಕಿ.ಗ್ರಾಂ ಇದ್ದಿಲು, ಅಂದರೆ ಅದರ ಐದಾರು ಪಟ್ಟು ಕಟ್ಟಿಗೆ! ಗಿಡಮರ ವಿರಳವಾದ ಇಂಡಿ, ಸಿಂದಗಿಗಳ ಬಯಲಿನಲ್ಲಿ ಒಳ್ಳೆಯ ಅದಿರೇ ಸಿಕ್ಕಿದ್ದರೂ ಈ ಕಸುಬು ನಡೆಯುವುದು ಕಷ್ಟವಿತ್ತು.

ಮಾಡಿ ನೋಡಬೇಕೆನ್ನುವ ಅಧ್ಯಾಪಕರಿಗೆ ಒಂದು ಮಾತು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಚಪ್ಪರದಡಿಯಲ್ಲೂ ಈ ಪ್ರಯೋಗ ಬೇಡ, ಬಯಲಲ್ಲೇ ಆಗಲಿ. ಮಕ್ಕಳು ಗಾಳಿ ಬರುವ ದಿಕ್ಕಿನಲ್ಲಿ ನಿಲ್ಲಲಿ. ಕುಲುಮೆಯ ನೆತ್ತಿಗೆ ಮೊದಲೇ ಬೆಂಕಿ ಹಚ್ಚಿ ಆ ಅನಿಲವನ್ನು ಉರಿಸಿಬಿಡಬೇಕು. ಕಿಟ್ಟ ಹರಿಯುವ ನೆಲ ಒಣಗಿರಬೇಕು. ತೇವವಿದ್ದರೆ ಅದು ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಮೈಗೆ ಹತ್ತಿ ಬಟ್ಟೆ ಇರಲಿ. ಪಕ್ಕದಲ್ಲಿ ಅನುಭವಿ ಕಂಬಾರರು ಇರಲೇಬೇಕು.

ಮುದ್ದೆಯೊಳಗಿನ ಉಕ್ಕು

ಪಟ್ಟಿಯ ಒಂದು ತುದಿಯನ್ನು ಸಾಣೆಗೆ ಹಿಡಿದಾಗ ಕಿಡಿಗಳು ಉದ್ದುದ್ದ ಗೆರೆಗಳಾಗಿ ಹಾರಿದವು. ಇನ್ನೊಂದು ತುದಿಯಲ್ಲಿ ಅವೇ ಗೆರೆಗಳು ಕವಲೊಡೆದು ಹೂವಾಗಿ ಸಿಡಿದವು. ಹೂವಾಗುವುದು ಕಾರ್ಬನ್ನಿನ ಗುರುತು. ಎರಡೂ ತುದಿಗಳಿಂದ ಚೂರು ಕತ್ತರಿಸಿ ಕೆಂಪಗೆ ಕಾಯಿಸಿ ನೀರು ಕೊಟ್ಟೆವು. ಒಂದು ಬಾಗಿತು, ಇನ್ನೊಂದು ಪಟ್ಟನೆ ಮುರಿಯಿತು. ಮುರಿದದ್ದರ ಮೇಲೆ ಅರ ಜಾರುತ್ತಿತ್ತು. ಒಂದೇ ಮುದ್ದೆಯಲ್ಲಿ ಮೆದು ಕಬ್ಬಿಣವೂ ಉಕ್ಕೂ ಇದ್ದವು. ಮುದ್ದೆಯ ಯಾವ ಭಾಗ ಕೆಂಡದ ನಡುವೆ ಎಷ್ಟು ಹೊತ್ತು ಇತ್ತೆಂಬುದರ ಮೇಲೆ ಇದು ನಿಂತಿದೆ.

ಈ ಅಸಮತೆಯನ್ನು ನೀಗುವ ದಾರಿಯನ್ನು ನಮ್ಮ ನಾಡಿನವರೇ ಕಂಡುಕೊಂಡಿದ್ದರು. ಮಧುಗಿರಿಯ ಸೀಮೆಯಲ್ಲಿ ಉಕ್ಕು ಮಾಡುವುದನ್ನೂ ಬುಕಾನನ್ ವರ್ಣಿಸಿದ್ದಾನೆ. ಮೆದು ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿ ಮತ್ತು ಹಸಿ ಎಲೆಗಳೊಂದಿಗೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮೆತ್ತಿ, ಗಂಟೆಗಟ್ಟಲೆ ಕಾಯಿಸುತ್ತಿದ್ದರು. ಮುಚ್ಚಿದ ಮೂಸೆಯಲ್ಲಿ ಕಬ್ಬಿಣ ಶೇಕಡ ಒಂದೂವರೆಯಷ್ಟು ಕಾರ್ಬನ್ ಹೀರಿ ಕರಗಿ, ನಿಧಾನವಾಗಿ ತಣಿದು ಗಟ್ಟಿಯಾಗುತ್ತಿತ್ತು. ಕಿಟ್ಟ ಮೇಲೆ ತೇಲಿಬರುವುದರಿಂದ ಇಡೀ ಗಟ್ಟಿ ಏಕರೂಪ. ಮುಂಬಯಿಯಿಂದ ಲಂಡನ್ನಿಗೆ ಹೋದ ಇಂಥ ಗಟ್ಟಿಗಳ ಬಗ್ಗೆ 1795ರಲ್ಲಿ ಜಾರ್ಜ್ ಪಿಯರ್ಸನ್ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ 'ವೂಟ್ಸ್' ಎಂಬ ಹೆಸರಿನಲ್ಲಿ ಬರೆದ. ಅದು ಕನ್ನಡದ 'ಉಕ್ಕು' ಎಂಬುದರ ಅಪಭ್ರಂಶವೆಂದು ವಿದ್ವಾಂಸರ ಅಭಿಪ್ರಾಯ. 1819ರಲ್ಲಿ ಮೈಕೇಲ್ ಫ್ಯಾರಡೆ ಇದನ್ನು ವಿಶ್ಲೇಷಿಸಿ, ಇದರ ಗುಣಕ್ಕೆ ಅಲ್ಯೂಮಿನಿಯಂ ಕಾರಣವೆಂದು ಭಾವಿಸಿದ, ಅದು ತಪ್ಪಾಗಿತ್ತು. ವಿದ್ಯುತ್ಕಾಂತತೆಯಲ್ಲಿ ಅಷ್ಟು ಸಾಧಿಸಿದವನೂ ನಮ್ಮ ಉಕ್ಕಿನ ಮುಂದೆ ಎಡವಿದನೆಂಬುದು ನನ್ನ ಎರಡನೆಯ ಪ್ರಯತ್ನದ ನಂತರ ಸ್ವಲ್ಪ ಸಮಾಧಾನ ಕೊಟ್ಟಿತು. ಈ ಉಕ್ಕಿನಿಂದ ಮಾಡಿದ ಕತ್ತಿಗಳ ಅಲೆಯಂಥ ಚಿತ್ತಾರಕ್ಕೆ ವೆನೇಡಿಯಂನಂಥ ಧಾತುಗಳ ಅತ್ಯಲ್ಪ ಅಂಶ ನೆರವಾಗುತ್ತದೆಂದು 1990ರ ದಶಕದಲ್ಲಿ ಜಾನ್ ವರ್ಹೋವನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ಪ್ರಯೋಗಗಳಿಂದ ತೋರಿಸಿದರು. ಅದಿರಿನ ಮೂಲ ಬದಲಾದರೆ ಚಿತ್ತಾರವೂ ಕೈತಪ್ಪುತ್ತದೆ.

ಮೂಸೆಯ ಕೆಲಸಕ್ಕೆ ನಾವು ಕೈಹಾಕಲಿಲ್ಲ. ಅಜ್ಜ ನಮ್ಮ ಪಟ್ಟಿಯ ಮೆದು ಭಾಗವನ್ನು ಮಡಿಸಿ ಬಡಿದು ಒಂದು ಕುರ್ಪಿ ಮಾಡಿದರು, ಗಡಸು ತುದಿಯನ್ನು ಅದರ ಬಾಯಿಗೆ ಬೆಸೆದು ನೀರು ಕೊಟ್ಟರು. ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ಅದನ್ನು ಇಂಡಿಯ ತಮ್ಮ ನಿಂಬೆ ತೋಟಕ್ಕೆ ಒಯ್ದಳು. ಮಳೆಗಾಲ ಮುಗಿದ ಮೇಲೆ ತಂದು ತೋರಿಸಿದಾಗ ಅಲಗು ಅರ್ಧ ಬೆರಳು ಸವೆದಿತ್ತು. ಮಡಿಕೆಗಳ ನಡುವೆ ಉಳಿದುಹೋಗಿದ್ದ ಕಿಟ್ಟದ ಕಪ್ಪು ಗೆರೆ ಮಾತ್ರ ಹಾಗೆಯೇ ಕಾಣುತ್ತಿತ್ತು.